ಎರಡನೆಯ ಹಾಳೆ ನಿನಗೆ ಮಾತ್ರ

ಶಹಾಪುರ,
೧೧-೨-೧೯೯೮, ಬುಧವಾರ

ಪ್ರೀತಿಯ ಸುಂದ್ರಾ,

ನಾನು, ಅವ್ವ, ನಿನ್ನ ಆಡು, ಮೂವರೂ ಆರಾಮ ಇದ್ದೇವೆ. ನೀನೂ ನಿನ್ನ ಹೊಟ್ಟೆಯಲ್ಲಿರುವ ಸಾಹೇಬರೂ ಹೇಗಿದ್ದೀರಿ ಎಂದು ಕೇಳುವ ಮೊದಲು ಬೈಸಿಕೊಳ್ಳುವ ಕೆಲಸ ಮುಗಿಸಿಬಿಡುತ್ತೇನೆ. ನಿನ್ನ ಕಾರ್ಡು ಬಂದು ಇಪ್ಪತ್ತೆರಡು ದಿನವಾಯಿತು. “ಶಹಾಪುರದಾಗ ಶಾಯಿ ತೀರೈತೇನ್ರಿ?” ಎಂದು ಒಂದೇ ಸಾಲು ಬರೆದು ಉಳಿದ ಜಾಗವನ್ನೆಲ್ಲ ಖಾಲಿ ಬಿಟ್ಟಿದ್ದೀಯ. ಆ ಖಾಲಿ ಜಾಗ ನೋಡಿದಾಗಲೇ ನಿನಗೆ ಎಷ್ಟು ಸಿಟ್ಟು ಬಂದಿದೆ ಎಂದು ತಿಳಿಯಿತು. ತಪ್ಪಾಯಿತು ತಾಯಿ. ಬರೆಯಲು ಕುಳಿತಾಗಲೆಲ್ಲ, ನಾಳೆ ಒಂದು ಒಳ್ಳೆಯ ಸುದ್ದಿ ಬಂದೀತು, ಅದನ್ನೂ ಸೇರಿಸಿ ಬರೆದರಾಯಿತು ಎನ್ನಿಸುತ್ತಿತ್ತು. ಕೆಲಸ ಹುಡುಕುವವನ ನಾಳೆ ಎಂಥದೆಂದು ನಿನಗೆ ಗೊತ್ತೇ ಇದೆ.

ಈ ಸಲ ಎರಡು ಹಾಳೆ ಬರೆಯುತ್ತಿದ್ದೇನೆ. ಮೊದಲನೆಯದನ್ನು ಎಂದಿನಂತೆ ಮಾವನವರಿಗೆ ಓದಿ ಹೇಳು. ಅವರನ್ನೇ ಕುರಿತು ಬರೆದ ಜಾಗ ಬಂದಾಗ ಸ್ವಲ್ಪ ಕೆಮ್ಮಿ ಮುಂದಕ್ಕೆ ಹೋಗು. ಎರಡನೆಯ ಹಾಳೆಯನ್ನು ಯಾರಿಗೂ ಓದಿ ಹೇಳಬೇಡ. ಅದು ನಿನಗೆ ಮಾತ್ರ.

ಕುಬಸ ಮಾಡಿ ನಿನ್ನನ್ನು ಹೆರಿಗೆಗೆ ತವರೂರು ಕಕ್ಕೇರಾಕ್ಕೆ ಕರೆದುಕೊಂಡು ಹೋಗುವ ದಿನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮಾವನವರು ಹೇಳಿದ ಮಾತು ನಿನಗೆ ಕೇಳಿಸಲಿಲ್ಲ. ನೀನು ಆಗಲೇ ಒಳಗೆ ಕಿಟಕಿ ಹಿಡಿದಿದ್ದೆ. “ಅಳಿಯಂದಿರೇ, ಸಿಟ್ಟಿಗೇಳಬ್ಯಾಡ್ರಿ. ನೀವು ಮೊದಲ ಒಂದು ಕಡಿಗಿ ಕಾಲೂರ್ರಿ. ಆಮ್ಯಾಗ ತಾಯಿ ಕೂಸಿನ್ನ ಕಳಿಸೋ ಮಾತು” ಎಂದರು. ನಾನು “ಹೌದ್ರಿ” ಎಂದೆ. ಬೇರೆ ಏನು ಅನ್ನಲಿ? ಮದುವೆಯ ಮಾತುಕತೆಯಲ್ಲಿ “ಹುಡುಗ ಬಿ.ಎ. ಆಗ್ಯಾನ, ಇವತ್ತು ನಾಳೆ ನೌಕ್ರಿ ಆಗ್ತೈತಿ” ಎಂದು ನಮ್ಮವರು ಹೇಳಿದ್ದು ಮೂರು ವರ್ಷದ ಹಿಂದೆ. ಆ ಇವತ್ತೂ ಬರಲಿಲ್ಲ, ಆ ನಾಳೆಯೂ ಬರಲಿಲ್ಲ. ಮಗಳನ್ನು ಹೆತ್ತವರು ಅಷ್ಟು ಕೇಳದೆ ಇದ್ದರೆ ಅವರನ್ನು ದ್ಯಾವಪ್ಪ ಎಂದು ಊರವರು ಮರ್ಯಾದೆಯಿಂದ ಕರೆಯುತ್ತಿರಲಿಲ್ಲ. (ಇಲ್ಲಿ ಕೆಮ್ಮಬೇಡ. ಇದನ್ನು ಜೋರಾಗಿ ಓದು.)

ಮನೆಯ ಸುದ್ದಿ ಮೊದಲು. ಬೇಸಿಗೆ ಬೆಳೆಗೆ ಕಾಲುವೆಯ ನೀರು ಬಿಟ್ಟಿದ್ದಾರೆ. ಆಂಧ್ರದಿಂದ ಬಂದು ನೆಲೆಸಿದ ಮೇಲಿನ ಕ್ಯಾಂಪಿನವರ ಗದ್ದೆಗಳಲ್ಲಿ ನಾಟಿ ನಡೆದಿದೆ. ಅವ್ವ ಬೇಡವೆಂದರೂ ಕೇಳದೆ ಓಣಿಯ ಹೆಂಗಸರ ಗುಂಪಿನ ಜೊತೆ ಭತ್ತ ಹಚ್ಚಲು ಹೋಗುತ್ತಾಳೆ. ನಮ್ಮ ಹೊಲ ಕಾಲುವೆಯ ಬಾಲದ ಕಡೆ ಇದೆಯಲ್ಲ, ನೀರು ನಮ್ಮ ತನಕ ಬರುವಷ್ಟರಲ್ಲಿ ದಾರಿಯಲ್ಲಿ ಎಲ್ಲರಿಗೂ ನಮಸ್ಕಾರ ಮಾಡಿ ಮುಗಿದುಹೋಗಿರುತ್ತದೆ. ಅದಕ್ಕೇ ನಮ್ಮದು ಇನ್ನೂ ಜೋಳ, ತೊಗರಿ. ಅವರದು ಅಕ್ಕಿ. ಅವ್ವ ದಿನವೆಲ್ಲ ಅವರ ಕೆಸರಿನಲ್ಲಿ ಬಗ್ಗಿ, ಸಂಜೆ ಬಂದು ರೊಟ್ಟಿ ಬಡಿಯುತ್ತಾಳೆ. “ಅನ್ನ ಉಂಡ್ರ ಹೊಟ್ಟಿ ಊದ್ತೈತಿ ಅಪ್ಪು, ರೊಟ್ಟಿ ಉಂಡ್ರ ನಡ ಗಟ್ಟಿ ಆಗ್ತೈತಿ” ಎನ್ನುತ್ತಾಳೆ. ನಿನಗೂ ಇದನ್ನೇ ಬರೆಯಲು ಹೇಳಿದ್ದಾಳೆ. ಅನ್ನ ಕಡಿಮೆ ಮಾಡಬೇಕಂತೆ, ಪುಂಡಿ ಪಲ್ಯ ತಿನ್ನಬೇಕಂತೆ, ಹೊಸ್ತಿಲ ಮೇಲೆ ಕೂಡಬಾರದಂತೆ. ಉಳಿದ ಹನ್ನೊಂದು ಅಪ್ಪಣೆಗಳನ್ನು ನಾನು ಬಿಟ್ಟಿದ್ದೇನೆ.

ಮೊನ್ನೆ ನಾನು ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಅರ್ಜಿ ಬರೆಯುತ್ತ ಕುಳಿತಿದ್ದೆ. ಅವ್ವ ಸೀರೆ ಮೇಲಕ್ಕೆ ಸಿಗಿಸಿಕೊಂಡು ಹೊರಟವಳು ನಿಂತು ನೋಡಿದಳು. “ನೀ ಅರ್ಜಿ ಬರಿ, ನಾ ಸಸಿ ಹಚ್ತೀನಿ. ಯಾವುದು ಮೊದಲ ತೆನಿ ಹಿರಿತೈತಿ ನೋಡೂಣು” ಎಂದಳು. ನಾನು ನಕ್ಕುಬಿಟ್ಟೆ. ಭತ್ತ ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ನಾನು ಅರ್ಜಿ ಬಿತ್ತಲು ಶುರು ಮಾಡಿ ಹತ್ತು ವರ್ಷವಾಯಿತು.

ಸುರಪುರದ ಸಂದರ್ಶನದ ಕಥೆ ಕೇಳಬೇಕಲ್ಲ ನೀನು. ಒಂದು ಖಾಸಗಿ ಹೈಸ್ಕೂಲು, ಹೆಸರು ಬೇಡ. ಗುಮಾಸ್ತನ ಜಾಗ ಖಾಲಿ ಇದೆ ಎಂದು ಪೇಪರಿನಲ್ಲಿ ಹಾಕಿದ್ದರು. ಅವ್ವ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಮದುವೆಯ ಬಿಳಿ ಅಂಗಿ ಹಾಕಿಕೊಂಡು ಹೋದೆ. ಆ ಅಂಗಿಗೆ ನನಗಿಂತ ಹೆಚ್ಚು ಸಂದರ್ಶನಗಳ ಅನುಭವವಿದೆ, ಏಕೆಂದರೆ ಎರಡು ಸಲ ನನ್ನ ಗೆಳೆಯ ಈಶಪ್ಪನೂ ಅದನ್ನೇ ಹಾಕಿಕೊಂಡು ಹೋಗಿದ್ದ. ಮೇಜಿನ ಆಚೆ ಮೂವರು ಹಿರಿಯರು. ಒಬ್ಬರು ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ಹೇಳಿದೆ. ಎಲ್ಲಿ ಸಮುದ್ರ ಸೇರುತ್ತದೆ ಎಂದರು. ಅದನ್ನೂ ಹೇಳಿದೆ. ಅಷ್ಟರಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಡುವಿನವರು, “ಅದೆಲ್ಲ ಇರ್ಲಿ ತಮ್ಮಾ, ನಿನಗ ಯಾರು ಹೇಳಿ ಕಳಿಸ್ಯಾರ?” ಎಂದರು. ಯಾರೂ ಇಲ್ಲ, ಪೇಪರು ನೋಡಿ ಬಂದೆ ಎಂದೆ. “ಪೇಪರ್ ನೋಡಿ ಬಂದಾನ!” ಎಂದು ಅವರು ಪಕ್ಕದವರಿಗೆ ಹೇಳಿದ ರೀತಿ ಇದೆಯಲ್ಲ, ನಾನು ಅವರ ಮನೆಯ ಮದುವೆಗೆ ಕರೆಯದೆ ಬಂದು ಎಲೆ ಮುಂದೆ ಕುಳಿತ ಹಾಗಿತ್ತು.

ನನ್ನ ಅಭಿಪ್ರಾಯ ಕೇಳಿದರೆ ಸಂದರ್ಶನಕ್ಕೂ ಹೆಣ್ಣು ನೋಡುವ ಶಾಸ್ತ್ರಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಎರಡರಲ್ಲೂ ಮನಸ್ಸಿನಲ್ಲಿ ಮೊದಲೇ ಒಬ್ಬರನ್ನು ಇಟ್ಟುಕೊಂಡು, ಉಳಿದವರನ್ನು ಕರೆದು ನಡೆಸಿ ನೋಡುತ್ತಾರೆ. ಹೆಣ್ಣಿನ ಮನೆಯಲ್ಲಿ ಅವಲಕ್ಕಿಯಾದರೂ ಸಿಗುತ್ತದೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಅವ್ವನ ರೊಟ್ಟಿ ತಿಂದೆ. ತಿಂಥಣಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ನೀನು ನನ್ನ ನೌಕರಿಗೆಂದು ಅಲ್ಲಿಯ ಮೌನೇಶ್ವರನಿಗೆ ಹರಕೆ ಹೊತ್ತಿದ್ದು ನೆನಪಾಗಿ, ಹೋಗಿ ಬರಲೇ ಎನ್ನಿಸಿತು. ಆಮೇಲೆ, ಪಾಪ, ಅವನಿಗೂ ಎಷ್ಟು ಜನರ ಅರ್ಜಿ ಬಂದಿರುತ್ತವೋ, ಜ್ಞಾಪನ ಪತ್ರ ಕೊಟ್ಟು ತ್ರಾಸು ಕೊಡುವುದು ಬೇಡ ಎಂದು ಸುಮ್ಮನೆ ಶಹಾಪುರದ ಬಸ್ಸು ಹತ್ತಿದೆ.

ಅವಸರವೇನೆಂದು ನಿನಗೆ ಗೊತ್ತು. ಬರುವ ಜೂನ್ ಒಂದಕ್ಕೆ ಸರಕಾರದ ಪ್ರಕಾರ ನನಗೆ ವಯಸ್ಸು ಮುಗಿಯುತ್ತದೆ. ಆಮೇಲೆ ಯಾವ ಅರ್ಜಿಯೂ ನಡೆಯುವುದಿಲ್ಲ. ಅವ್ವನ ಲೆಕ್ಕದಲ್ಲಿ ನಾನು ಹುಟ್ಟಿದ್ದು ಸೀಗಿ ಹುಣ್ಣಿಮೆಯ ಎಡಬಲಕ್ಕೆ, ಅದೂ ಎರಡು ವರ್ಷ ತಡವಾಗಿ. ಆದರೆ ಶಾಲೆಗೆ ಹಾಕುವ ದಿನ ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿದರು. ಮುಟ್ಟಿತು. ಕೈ ಉದ್ದವಿತ್ತು. “ಆರು ತುಂಬ್ಯಾವ” ಎಂದು ಜೂನ್ ಒಂದು ಬರೆದುಕೊಂಡರು. ನಮ್ಮ ಕ್ಲಾಸಿನ ಮೂವತ್ತು ಮಕ್ಕಳೂ ಜೂನ್ ಒಂದಕ್ಕೇ ಹುಟ್ಟಿದವರು. ಕೈ ಎರಡು ಬೆರಳು ಗಿಡ್ಡ ಇದ್ದಿದ್ದರೆ ಇನ್ನೂ ಎರಡು ವರ್ಷ ಅರ್ಜಿ ಹಾಕಬಹುದಿತ್ತು.

ಈಗ ಖುರ್ಷೀದಬೇಗಂ ಅವರ ಸುದ್ದಿ. ದರ್ಜಿಯ ಅಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ನೀನು ಒಮ್ಮೆ ಬಂದಿದ್ದೆ, ಮಷೀನಿನ ಸದ್ದಿಗೆ ಹೆದರಿ ಕಿವಿ ಮುಚ್ಚಿಕೊಂಡಿದ್ದೆ. ನಾನು ಟೈಪಿಂಗ್ ಕಲಿತದ್ದು ಅಲ್ಲಿಯೇ, ನನ್ನ ಅರ್ಜಿಗಳನ್ನು ಟೈಪು ಮಾಡುವುದೂ ಅಲ್ಲಿಯೇ. ಅವರಿಗೆ ಕಣ್ಣಿನಲ್ಲಿ ಪೊರೆ ಬಂದಿದೆ. ಹುಡುಗಿಯರು ತಪ್ಪು ಹೊಡೆದರೂ ಕಾಣುವುದಿಲ್ಲ, ಸದ್ದು ಕೇಳಿಯೇ “ಏ, ಆ ಬೆರಳು ಅಲ್ಲ” ಎಂದು ಗದರುತ್ತಾರೆ. ಕಳೆದ ವರ್ಷದಿಂದ ಮೂರು ಸಲ ನನಗೆ ಹೇಳಿದ್ದರು, ಬೆಳಗಿನ ಬ್ಯಾಚುಗಳನ್ನು ನೀನು ತೆಗೆದುಕೋ ಎಂದು. ಮೂರು ಸಲವೂ ನಾನು “ಒಂದು ಅರ್ಜಿ ಹಾಕೀನಿ ಅಮ್ಮಾ, ಅದರ ಹಾದಿ ನೋಡಾಕತ್ತೇನಿ” ಎಂದು ಜಾರಿಕೊಂಡಿದ್ದೆ. ನಿನಗೆ ನಿಜ ಹೇಳುತ್ತೇನೆ. ಆ ಕೆಲಸಕ್ಕೆ ಒಪ್ಪಿದರೆ ನೌಕರಿ ಸಿಗಲಿಲ್ಲವೆಂದು ನಾನೇ ಸಹಿ ಮಾಡಿಕೊಟ್ಟಂತೆ ಎಂಬ ಹೆದರಿಕೆ ಇತ್ತು.

ಹೋದ ಬುಧವಾರ ನಮ್ಮ ರಾಮಣ್ಣ ಕಾಕಾ, ಇನ್ನೂ ನಾಲ್ಕು ಮಂದಿ ಬಾಲದ ಕಡೆಯ ಹೊಲದವರು ಬಂದರು. ಕಾಲುವೆ ಆಫೀಸಿಗೆ ಒಂದು ಅರ್ಜಿ ಬೇಕು, ಟೈಪು ಮಾಡಿದ್ದರೆ ಸಾಹೇಬರು ಓದುತ್ತಾರೆ, ಕೈಬರಹವಿದ್ದರೆ ಮಡಿಚಿ ಇಡುತ್ತಾರೆ ಎಂದರು. ಕುಳಿತು ಒಂದು ಪುಟ ಟೈಪು ಮಾಡಿದೆ. ನೀರು ಎಲ್ಲಿಯ ತನಕ ಬರುತ್ತದೆ, ಯಾವ ತೂಬಿನ ಹತ್ತಿರ ನಿಲ್ಲುತ್ತದೆ, ಎಷ್ಟು ಹೊಲ ಒಣಗುತ್ತವೆ, ಎಲ್ಲ ಬರೆದೆ. ರಾಮಣ್ಣ ಕಾಕಾ ಅದನ್ನು ಓದಿಸಿ ಕೇಳಿ, “ಏನ್ ಬರ್ದೀಯೋ ಹುಲಗಪ್ಪ! ನಮ್ಮ ಹೊಲಾನ ಬಾಯಿ ಬಿಟ್ಟು ಮಾತಾಡಿದಂಗ ಆತು” ಎಂದ. ಹತ್ತು ವರ್ಷ ನನ್ನ ಬಗ್ಗೆಯೇ ಅರ್ಜಿ ಬರೆದು ಬರೆದು ಬೇಸರವಾಗಿತ್ತು. ಮೊದಲ ಸಲ ಬೇರೆಯವರಿಗಾಗಿ ಬರೆದದ್ದು ಚೆನ್ನಾಗಿ ಬಂತು. ಅವರು ನನ್ನನ್ನೂ ಜೊತೆಗೆ ಕರೆದುಕೊಂಡು ಆಫೀಸಿಗೆ ಹೋದರು.

ಅಲ್ಲಿ ಯಾರು ಕುಳಿತಿದ್ದ ಗೊತ್ತೇ? ಭಾಗಣ್ಣ. ಆ ಹೆಸರು ನಮ್ಮ ಮನೆಯಲ್ಲಿ ಎಷ್ಟು ಸಲ ಬಂದಿದೆ ಎಂದು ನಿನಗೆ ಗೊತ್ತು. ನಾಲ್ಕೂವರೆ ವರ್ಷದ ಹಿಂದೆ ನಾನು ಸಂದರ್ಶನ ಕೊಟ್ಟಿದ್ದ ಅದೇ ಆಫೀಸಿನ ಕ್ಲರ್ಕಿನ ಜಾಗಕ್ಕೆ ಬಂದವನು ಅವನು. ಅವನು ಯಾರನ್ನು ಹಿಡಿದ, ಯಾರಿಗೆ ಏನು ಕೊಟ್ಟ ಎಂದು ನಾನು ಎಷ್ಟು ಕಥೆ ಕಟ್ಟಿ ಹೇಳಿದ್ದೇನೆ! ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದು ಚಹಾದ ಅಂಗಡಿಯಲ್ಲಿ ಭಾಷಣ ಮಾಡಿದ್ದೇನೆ. ಗೋಗಿಯ ಬಸ್ಸಿನಲ್ಲಿ ಅವನನ್ನು ಕಂಡರೆ ಇಳಿದು ಹಿಂದಿನ ಬಸ್ಸಿಗೆ ಕಾಯುತ್ತಿದ್ದೆ. ಅವತ್ತು ಅವನ ಮೇಜಿನ ಮುಂದೆಯೇ ನಿಲ್ಲಬೇಕಾಯಿತು. ಅವನು ಅರ್ಜಿ ಓದಿದ, ಎದ್ದು ಹೋಗಿ ಸಾಹೇಬರ ಕೈಗೇ ಕೊಟ್ಟು ಬಂದ. ಆಮೇಲೆ ನನ್ನ ಕಡೆ ನೋಡಿ, “ಚಹಾ ಕುಡಿಯೂಣು ಬರ್ರಿ” ಎಂದ. ರಾಮಣ್ಣ ಕಾಕಾ ಇದ್ದನೆಂದು ಇಲ್ಲ ಎನ್ನಲಾಗಲಿಲ್ಲ.

ಸುಂದ್ರಾ, ಆ ಮನುಷ್ಯನನ್ನು ನಾನು ಬೈದದ್ದು ಪೂರ್ತಿ ತಪ್ಪು. ಅವನು ಯಾರನ್ನೂ ಹಿಡಿದಿರಲಿಲ್ಲ, ಏನನ್ನೂ ಕೊಟ್ಟಿರಲಿಲ್ಲ. ಏಕೆ ಹೀಗೆ ಹೇಳುತ್ತೇನೆ ಎಂಬುದು ಎರಡನೆಯ ಹಾಳೆಯಲ್ಲಿದೆ. (ಇಲ್ಲಿ ಕೆಮ್ಮು.) ನಾವು ಹೊರಡುವಾಗ ಅವನು ಹೇಳಿದ, “ಇಂಥ ಅರ್ಜಿ ದಿನಕ್ಕ ಹತ್ತು ಬರ್ತಾವ್ರಿ, ಒಂದಕ್ಕೂ ತಲಿ ಇರಂಗಿಲ್ಲ, ಬಾಲ ಇರಂಗಿಲ್ಲ. ನೀವು ಹೊರಗ ಒಂದು ಮಷೀನ್ ಇಟ್ಕೊಂಡು ಕುಂತ್ರ ರೈತರಿಗೂ ಪುಣ್ಯ ಬರ್ತೈತಿ, ನಮಗೂ ಓದಾಕ ಬರ್ತೈತಿ.”

ಅದನ್ನೇ ಮೂರು ದಿನ ಯೋಚಿಸಿದೆ. ಶನಿವಾರ ಖುರ್ಷೀದಬೇಗಂ ಅವರ ಮುಂದೆ ಹೋಗಿ ನಿಂತು, “ಬ್ಯಾಚು ತಗೋತೀನಿ ಅಮ್ಮಾ” ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಯಾ ಅಲ್ಲಾ, ಈಗ ಅಕ್ಕಲ್ ಬಂತು ಹುಡುಗಗ. ನೌಕ್ರಿ ನೌಕ್ರಿ ಅಂತ ತಿರಿಗಿದಿ. ಇದೇನು ಆಟ ಅಂದ್ಕೊಂಡೀಯೇನು ಬೇಟಾ? ನನ್ನ ಮೂರು ಮಕ್ಕಳು ಇದರಾಗೇ ದೊಡ್ಡವರಾಗ್ಯಾರ” ಎಂದರು. ಬೆಳಿಗ್ಗೆ ಎರಡು ಬ್ಯಾಚು ನನ್ನದು. ಮಧ್ಯಾಹ್ನ ಕನ್ನಡದ ಮಷೀನು ಒಂದನ್ನು ಕೆಳಗೆ ದರ್ಜಿಯ ಕಟ್ಟೆಯ ಮೇಲೆ ಇಟ್ಟುಕೊಂಡು ರೈತರ ಅರ್ಜಿ ಟೈಪು ಮಾಡಬಹುದು. ಸೋಮವಾರದಿಂದ ಕುಳಿತಿದ್ದೇನೆ. ಮೊದಲ ದಿನ ಇಬ್ಬರು ಬಂದರು, ನಿನ್ನೆ ಐವರು. ಒಬ್ಬಳು ಮುದುಕಿ ಗೋಗಿಯಿಂದ ಬಂದಿದ್ದಳು. ಅವಳು ಅರ್ಜಿಯಲ್ಲಿ ಮೊದಲು ತನ್ನ ಸೊಸೆಯನ್ನು ಬೈದು ಆಮೇಲೆ ತೂಬಿನ ಮಾತು ಬರೆಯಬೇಕೆಂದು ಹಟ ಹಿಡಿದಳು. ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು.

ಮಾವನವರಿಗೆ ಹೀಗೆ ಹೇಳು. ಅಳಿಯ ಒಂದು ಕಡೆ ಕಾಲೂರಿದ್ದಾನೆ. ಆ ಜಾಗಕ್ಕೆ ಸರಕಾರದ ಮುದ್ರೆ ಇಲ್ಲ, ಪಿಂಚಣಿ ಇಲ್ಲ. ಮೂರು ಜನ ಉಂಡು ಉಟ್ಟು ಇರುವುದಕ್ಕೆ ಕಷ್ಟವಿಲ್ಲ, ನಾಲ್ಕನೆಯವರು ಬಂದರೂ ನಡೆಯುತ್ತದೆ. ಜೂನ್ ಒಂದು ಬರಲಿ, ಹೋಗಲಿ. ಇನ್ನು ನಾನು ಯಾವ ಮೇಜಿನ ಮುಂದೆಯೂ ಹೋಗಿ ನಿಲ್ಲುವುದಿಲ್ಲ. ಇಷ್ಟು ಕೇಳಿ ಅವರು ಕುಳಿತಲ್ಲೇ ತಂಬಾಕು ತಿಕ್ಕಿದರೆ ಒಪ್ಪಿದ್ದಾರೆ ಎಂದು ತಿಳಿದುಕೋ. ಎದ್ದು ಅಂಗಳಕ್ಕೆ ಹೋದರೆ ಅತ್ತೆಯ ಕಡೆಯಿಂದ ಹೇಳಿಸು. ಸರಕಾರಿ ನೌಕರನ ಹೆಂಡತಿ ಆಗಬೇಕೆಂಬ ಆಸೆ ನಿನಗೂ ಇತ್ತು ಎಂದು ನನಗೆ ಗೊತ್ತು. ಬಾಯಿಬಿಟ್ಟು ನೀನು ಎಂದೂ ಅನ್ನಲಿಲ್ಲ. ಅದಕ್ಕೆ ನಿನ್ನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ಈ ಹಾಳೆಯಲ್ಲಿ ಬರೆಯಲಾರೆ, ಮಾವನವರು ಕೇಳುತ್ತಿರುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಭಾರದ ಕೊಡ ಎತ್ತಬೇಡ. ಮಾವನವರಿಗೂ ಅತ್ತೆಯವರಿಗೂ ನನ್ನ ಶರಣು. ನೀನು ಹಗುರಾಗಿ ಒಂದು ಜೀವ ಎರಡಾಗಲಿ, ತಾಯಿಗೂ ಕೂಸಿಗೂ ನೂರು ವರ್ಷ ಆಯುಷ್ಯವಾಗಲಿ ಎಂದು ಅವ್ವ ಇಲ್ಲಿಂದಲೇ ಕೈಯೆತ್ತಿ ಹರಸಿದ್ದಾಳೆ. ಅವಳ ಹರಕೆಯ ಹಿಂದೆಯೇ ನನ್ನದೂ ಇದೆ.

ಇಂತು ನಿನ್ನ,
ಹುಲಗಪ್ಪ

(ಎರಡನೆಯ ಹಾಳೆ)

ಸುಂದ್ರಾ, ಕದ ಮುಂದೆ ಮಾಡಿಕೊಂಡು ಓದು.

ಚಹಾದ ಅಂಗಡಿಗೆ ಭಾಗಣ್ಣ ನನ್ನೊಬ್ಬನನ್ನೇ ಕರೆದುಕೊಂಡು ಹೋಗಿ ಚಹಾ ಹೇಳಿದ. ಆಮೇಲೆ, “ಒಂದು ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಅವತ್ತು ನೀವು ಯಾಕ ಬರಲಿಲ್ಲ?” ಎಂದ. ಎಲ್ಲಿಗೆ ಎಂದೆ. “ಡ್ಯೂಟಿಗಿ. ಲಿಸ್ಟಿನಾಗ ಮೊದಲನೇ ಹೆಸರು ನಿಮ್ದೇ ಇತ್ತಲ್ರಿ. ನಂದು ಎರಡನೇದು. ನಿಮಗ ಬ್ಯಾರೆ ಕಡಿಗಿ ಛಲೋ ನೌಕ್ರಿ ಸಿಕ್ಕೈತಿ, ಅದಕ್ಕ ಬರಲಿಲ್ಲ ಅಂತ ನಾ ತಿಳ್ಕೊಂಡಿದ್ದೆ. ಆಮ್ಯಾಗ ನೀವು ನನ್ನ ಕಂಡ್ರ ಮಾರಿ ತಿರುವ್ತಿದ್ರಿ. ಯಾಕಂತ ತಿಳೀಲಿಲ್ಲ” ಎಂದ.

ನನಗೆ ಅವನ ಮಾತು ಅರ್ಥವಾಗಲಿಲ್ಲ. ಅವನು ಎದ್ದು ನನ್ನನ್ನು ಮತ್ತೆ ಆಫೀಸಿಗೆ ಕರೆದುಕೊಂಡು ಹೋಗಿ ಹಳೆಯ ಫೈಲು ತೆಗೆಸಿದ. ಅದರಲ್ಲಿ ಒಂದು ಲಕೋಟೆ ಇತ್ತು. ರಿಜಿಸ್ಟರ್ ಮಾಡಿದ್ದು. ೧೯೯೩ರ ಆಗಸ್ಟ್ ತಿಂಗಳ ಮುದ್ರೆ. ನನ್ನ ಹೆಸರು, ನಮ್ಮಪ್ಪನ ಹೆಸರು, ನಮ್ಮೂರು, ಒಂದಕ್ಷರವೂ ತಪ್ಪಿರಲಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ, ‘ವಿಚಾರಿಸಲಾಗಿ ಈ ಹೆಸರಿನವರು ಇಲ್ಲ’ ಎಂದು ಬರೆದು ತಿರುಗಿ ಕಳಿಸಿದ್ದರು. ಒಳಗಿನ ಹಾಳೆ ನೇಮಕದ ಆದೇಶ. ಹದಿನೈದು ದಿನದೊಳಗೆ ಹಾಜರಾಗಬೇಕು ಎಂದಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದು ನಿಂತೇ ಓದಿದೆ. ನಾನು ಕಾಯುತ್ತಿದ್ದ ಕಾಗದ ನಮ್ಮ ಮನೆಯ ಬಾಗಿಲ ತನಕ ಬಂದು ತಿರುಗಿ ಹೋಗಿತ್ತು.

ಯಾವತ್ತು ಎಂದು ಆಗಲೇ ಹೊಳೆಯಿತು. ನಿನಗೂ ಹೊಳೆದಿರಬೇಕು. ಹೊಸ ಪೋಸ್ಟ್‌ಮ್ಯಾನ್ ಬಂದು ಅವ್ವನ ಹತ್ತಿರ ಹೆಸರು ಹೇಳಿಸಲು ಪಾಡು ಪಟ್ಟ ಕಥೆ. ನಮ್ಮ ಮದುವೆಯಾದ ಹೊಸತರಲ್ಲಿ ನಾನು ಅದನ್ನು ಅಭಿನಯಿಸಿ ತೋರಿಸಿದಾಗ ನೀನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ.

ಆ ಸಂಜೆ ಮನೆಗೆ ಹೋದೆ. ಅವ್ವ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಏನೂ ಗೊತ್ತಿಲ್ಲದವನ ಹಾಗೆ, “ಅವ್ವಾ, ಆ ಪೋಸ್ಟಿನವ ಮತ್ತ ಯಾವಾಗರೆ ಬಂದಿದ್ನೇನು?” ಎಂದು ಕೇಳಿದೆ. ಅವಳಿಗೆ ಹುರುಪು ಬಂತು. ಎಲ್ಲ ಮೊದಲಿನಿಂದ ಹೇಳಿದಳು. “ಅವನಾ? ಇಲ್ಲಪ್ಪ, ಆಮ್ಯಾಗ ಬರಲೇ ಇಲ್ಲ. ಕಾಲಿಗಿ ಮುಳ್ಳು ನಟ್ಟಿತ್ತಂತ ನಾ ಒಬ್ಬಾಕಿನೇ ಮನ್ಯಾಗಿದ್ದೆ. ಓಣ್ಯಾಗ ಒಂದು ನರಪಿಳ್ಳಿ ಇರಲಿಲ್ಲ, ಎಲ್ಲಾರೂ ಭತ್ತ ಹಚ್ಚಾಕ ಹೋಗಿದ್ರು. ನೀನೂ ಯಾದಗಿರ್ಯಾಗ ಮಿಲ್ಲಿನ ಕೆಲಸಕ್ಕ ಇದ್ದಿ. ಕಾಗದ ಐತಿ, ಮಗನ ಹೆಸರು ಹೇಳವ್ವ, ಕೊಡ್ತೀನಿ ಅಂದ. ಬ್ಯಾರೆದವ್ರ ಕೈಗಿ ಕೊಟ್ರ ನನ್ನ ನೌಕ್ರಿ ಹೋಗ್ತೈತಿ ಅಂದ. ಅಪ್ಪು ಅಂತೀವಿ ಅಂದೆ. ಅಪ್ಪುಗ ಬಂದಿಲ್ಲ, ಖರೇ ಹೆಸರು ಹೇಳು ಅಂದ. ಹೆಂಗ ಹೇಳ್ಲಿ? ಅದು ನಮ್ಮ ಮಾವನ ಹೆಸರಲ್ಲೇನು? ಈಸು ವರ್ಷ ಬಾಳೇ ಮಾಡಿ, ಅವತ್ತು ಹಿರಿಯರ ಹೆಸರು ಹಿಡೀಬೇಕಾ ನಾನು? ಹೋಗೋ ತಮ್ಮಾ, ಐತವಾರ ನನ್ನ ಮಗ ಬರ್ತಾನ, ಅವನೇ ಹೇಳ್ತಾನ ಅಂದೆ. ಹೊಂಟೇ ಹೋದ!” ಎಂದು ತೊಡೆ ತಟ್ಟಿಕೊಂಡು ನಕ್ಕಳು. ನಾನೂ ನಕ್ಕೆ. ಈ ಸಲ ನಗುವುದು ಬಹಳ ಕಷ್ಟವಾಯಿತು.

ಅವತ್ತಿನ ಭಾನುವಾರ ನಾನು ಬಂದಾಗಲೇ ಅವಳು ಇದನ್ನೆಲ್ಲ ಹೇಳಿದ್ದಳು ಸುಂದ್ರಾ. ಆಗ ನಾನು ಹೊಟ್ಟೆ ಹಿಡಿದು ನಕ್ಕೆ. ಏನು ಕಾಗದ ಎಂದು ಒಂದು ಮಾತು ಕೇಳಲಿಲ್ಲ. ಹದಿನೈದು ದಿನದಲ್ಲಿ ಇನ್ನೂ ಹತ್ತು ದಿನ ಉಳಿದಿದ್ದವು.

ಅವ್ವನ ಮೇಲೆ ಸಿಟ್ಟು ಬರಲಿಲ್ಲ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಎರಡು ದಿನ ಅವಳ ಮುಖ ನೋಡಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ರೊಟ್ಟಿ ಕಟ್ಟಿಕೊಡುತ್ತ, “ಅಪ್ಪು, ನಿನಗ ಒಂದು ನೌಕ್ರಿ ಆಗೋದು ನೋಡೇ ಸಾಯ್ತೀನಿ ನಾ” ಎಂದಳು. ಕೆಸರಿನಲ್ಲಿ ನೆನೆದು ಅವಳ ಬೆರಳ ಸಂದಿಗಳೆಲ್ಲ ಬಿಳಿಚಿಕೊಂಡಿದ್ದವು. ನನಗೆ ಅಳು ಬಂತು. ಹೊರಗೆ ಬಂದು ಆಡಿನ ಹತ್ತಿರ ನಿಂತು ಅತ್ತೆ. ಆಮೇಲೆಯೇ ನಾನು ಖುರ್ಷೀದಬೇಗಂ ಅವರ ಹತ್ತಿರ ಹೋದದ್ದು. ಅವಳಿಗೆ ನಾನು ಏನೂ ಹೇಳಿಲ್ಲ. ನೀನೂ ಎಂದಿಗೂ ಹೇಳಬೇಡ. ಅವಳು ಆ ಕಥೆ ಹೇಳಿ ನಗುವಾಗ ನಾವೂ ನಗೋಣ.

ಇನ್ನೊಂದು ಮಾತು. ಅದನ್ನು ಕೇಳುವುದಕ್ಕೇ ಈ ಹಾಳೆ ಬರೆದೆ. ಗಂಡು ಹುಟ್ಟಿದರೆ ತೊಟ್ಟಿಲಿಗೆ ಹಾಕುವಾಗ ನಮ್ಮಪ್ಪನ ಹೆಸರನ್ನೇ ಇಡಬೇಕೆಂದು ಎರಡೂ ಮನೆಯವರು ನಿಶ್ಚಯ ಮಾಡಿದ್ದಾರೆ. ಚಂದ್ರಾಮಪ್ಪ. ನನಗೂ ಅದೇ ಆಸೆ ಇತ್ತು. ಆದರೆ ಅದು ಅವ್ವನಿಗೆ ಗಂಡನ ಹೆಸರು, ನಿನಗೆ ಮಾವನ ಹೆಸರು. ನೀವಿಬ್ಬರೂ ಅವನನ್ನು ಕೂಸು, ಪುಟ್ಟ, ಅಪ್ಪು ಎನ್ನುತ್ತ ದೊಡ್ಡವನನ್ನಾಗಿ ಮಾಡುತ್ತೀರಿ. ಹೆಣ್ಣು ಹುಟ್ಟಿದರೂ ನಮ್ಮಜ್ಜಿಯ ಹೆಸರೆಂದು ಅದೇ ಗತಿ. ಎಲ್ಲರೂ ಎಷ್ಟೇ ಹೇಳಲಿ, ಸುಂದ್ರಾ, ಆ ಹೆಸರುಗಳು ಬೇಡ. ನಿನಗೆ ಇಷ್ಟ ಬಂದದ್ದನ್ನು ಇಡು.

ಮೂವತ್ತು ವರ್ಷದಲ್ಲಿ ಅವ್ವ ಒಂದು ಸಲವೂ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಕೂಸನ್ನಾದರೂ ಅವಳು ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ, ಹೆಸರು ಹಿಡಿದು ಕೂಗಲಿ.